ರಿಮೋಟ್ ಕೀಯ ಬ್ಯಾಟರಿ ಸೋತಾಗ

ಕಾರಿನ ರಿಮೋಟ್ ಕೀಯ ಬ್ಯಾಟರಿ ಹೇಳದೆ ಕೇಳದೆ ಕೈಕೊಡುವುದು ಅಪರೂಪ. ಮೊದಲು ಇಪ್ಪತ್ತು ಹೆಜ್ಜೆ ದೂರದಿಂದಲೇ ತೆರೆಯುತ್ತಿದ್ದ ಬಾಗಿಲು, ಬರಬರುತ್ತ ಹತ್ತಿರ ಹೋಗಿ ಎರಡು ಮೂರು ಬಾರಿ ಒತ್ತಿದರಷ್ಟೇ ತೆರೆಯತೊಡಗುತ್ತದೆ. ಕೆಲವು ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯೂ ಮೂಡುತ್ತದೆ. ಆ ಎಚ್ಚರಿಕೆಯನ್ನು ಎರಡು ವಾರ ಕಡೆಗಣಿಸಿದ ತಪ್ಪಿಗೆ ನಾನು ಮಲ್ಪೆಯ ಕಡಲತೀರದಲ್ಲಿ, ಜೂನ್ ತಿಂಗಳ ಮಳೆಯಲ್ಲಿ ತೊಯ್ಯುತ್ತ, ನನ್ನದೇ ಕಾರಿನ ಮುಂದೆ ನಿಂತಿದ್ದುಂಟು.

ಬ್ಯಾಟರಿ ಸೋತರೂ ಕೀ ಸತ್ತಿರುವುದಿಲ್ಲ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳ ರಿಮೋಟಿನೊಳಗೆ ಸಾಮಾನ್ಯವಾಗಿ ಲೋಹದ ಕೀಯೊಂದು ಅಡಗಿರುತ್ತದೆ. ಬದಿಯ ಚಿಕ್ಕ ಗುಂಡಿಯನ್ನು ಒತ್ತಿ ಅಥವಾ ಸರಿಸಿ ಅದನ್ನು ಹೊರಗೆಳೆದು ಚಾಲಕನ ಬಾಗಿಲನ್ನು ತೆರೆಯಬಹುದು. ಕೀ ಹಾಕುವ ತೂತು ಕಾಣದಿದ್ದರೆ ಹಿಡಿಕೆಯ ತುದಿಯ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಹುಡುಕಿ. ಆಗ ಅಲಾರಂ ಕೂಗಿಕೊಂಡರೆ ಗಾಬರಿಯಾಗಬೇಡಿ. ಒಳಗೆ ಕುಳಿತು ಬ್ರೇಕ್ ಒತ್ತಿ, ರಿಮೋಟನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದರೆ ಹಲವು ಕಾರುಗಳು ಚಾಲೂ ಆಗುತ್ತವೆ. ಏಕೆಂದರೆ ಕೀಯೊಳಗಿನ ಎಲೆಕ್ಟ್ರಾನಿಕ್ ಚಿಪ್‌ಗೆ ಬೇಕಾದ ಅಲ್ಪ ಶಕ್ತಿಯನ್ನು ಕಾರಿನಲ್ಲಿರುವ ತಂತಿಯ ಸುರುಳಿಯೇ ಹತ್ತಿರದಿಂದ ಒದಗಿಸುತ್ತದೆ. ಕೆಲವು ಮಾದರಿಗಳಲ್ಲಿ ಕೀ ಇಡುವ ಜಾಗ ಬೇರೆ ಇರುವುದರಿಂದ ಕೈಪಿಡಿಯ ಆ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುವುದು ಜಾಣತನ. ಕೈಪಿಡಿಯೇನೋ ಬೀಗ ಹಾಕಿದ ಕಾರಿನೊಳಗೇ ಇರುತ್ತದೆ!

ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದರ ಮೇಲಿನ ಅಂಕಿಯನ್ನೇ ನೋಡಿ. ಬಹಳ ಕಡೆ ಬಳಕೆಯಲ್ಲಿರುವ ಸಿಆರ್ 2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪದ 3 ವೋಲ್ಟ್ ಸೆಲ್. ಸಿಆರ್ 2025 ಅಷ್ಟೇ ಅಗಲವಿದ್ದರೂ ದಪ್ಪ 2.5 ಮಿಲಿಮೀಟರ್ ಮಾತ್ರ. ಅಂಗಡಿಯವರು "ಇದೂ ಆಗ್ತದೆ" ಎಂದು ಕೊಟ್ಟರೂ ಒಳಗೆ ಸಡಿಲವಾಗಿ ಕುಳಿತು ಆಗಾಗ ಸಂಪರ್ಕ ತಪ್ಪಬಹುದು.

ಕವಚವನ್ನು ತೆರೆಯಲು ಲೋಹದ ಕೀ ತೆಗೆದ ಸಂದಿಯಲ್ಲಿ, ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರಿನ ತುದಿಯನ್ನಿಟ್ಟು ಮೆಲ್ಲನೆ ತಿರುಗಿಸಿ. ಪ್ಲಸ್ ಗುರುತು ಯಾವ ಕಡೆಗಿದೆ ಎಂದು ನೋಡಿಕೊಂಡೇ ಹಳೆಯದನ್ನು ಎಬ್ಬಿಸಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಲೋಹದ ಪಟ್ಟಿಗಳ ಮೇಲೆ ಹಸಿರು ಪುಡಿ ಕೂರುವುದುಂಟು. ಹೊಸ ಬ್ಯಾಟರಿ ಹಾಕಿದರೂ ಕೀ ಸುಮ್ಮನಿದ್ದರೆ ಮೊದಲು ಅದನ್ನೇ ಶಂಕಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯ ಕಡ್ಡಿಯಿಂದ ಒರಸಿ ಒಣಗಲು ಬಿಡಿ. ಕವಚದ ಅಂಚಿನಲ್ಲಿ ರಬ್ಬರ್ ಪಟ್ಟಿಯಿದ್ದರೆ ಅದು ಮಡಚಿಕೊಳ್ಳದಂತೆ ಮುಚ್ಚಿ, ಇಲ್ಲವಾದರೆ ಮಳೆನೀರು ಒಳಗಿಳಿಯುತ್ತದೆ.

ತೆಗೆದ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಬೇಕು. ಹಳೆಯ ಸೆಲ್ಲಿನ ಎರಡೂ ಕಡೆಗೆ ಟೇಪ್ ಅಂಟಿಸಿ ಇ-ತ್ಯಾಜ್ಯಕ್ಕೆ ಸೇರಿಸಿ.

ಕೊನೆಗೆ ಹೊರಗೆ ನಿಂತು ಬೀಗ ಹಾಕಿ, ತೆರೆದು ನೋಡಿ. ಪರೀಕ್ಷೆ ಮುಗಿಯುವವರೆಗೆ ಚಾಲಕನ ಕಡೆಯ ಗಾಜು ಇಳಿದೇ ಇರಲಿ.