ವಿಭಾಗ ಮೊದಲು, ಪಿಸ್ತೂಲು ಆಮೇಲೆ

ಪ್ರಾಕ್ಟಿಕಲ್ ಶೂಟಿಂಗ್‌ಗೆ, ಎಂದರೆ ಓಡಾಡುತ್ತಾ ಸಮಯದ ಲೆಕ್ಕದಲ್ಲಿ ಗುರಿ ಹೊಡೆಯುವ ಆಟಕ್ಕೆ, ಯಾವ ಪಿಸ್ತೂಲು ಕೊಳ್ಳಬೇಕು ಎಂದು ಫೀನಿಕ್ಸ್‌ನ ಕನ್ನಡದ ಗೆಳೆಯರು ಕೇಳಿದಾಗ ನಾನು ಮೊದಲು ವಿಚಾರಿಸುವುದು ಅವರ ವಯಸ್ಸನ್ನು. ತಮಾಷೆಗೆ ಕೇಳುವುದಲ್ಲ. ನಲವತ್ತೈದು ದಾಟಿದವರಿಗೆ ತೋಳಿನಳತೆಯ ದೂರದಲ್ಲಿರುವುದು ಮಸುಕಾಗತೊಡಗುತ್ತದೆ. ಪಿಸ್ತೂಲಿನ ಮುಂದಿನ ಸೈಟ್ ಇರುವುದು ಸರಿಯಾಗಿ ಅದೇ ದೂರದಲ್ಲಿ. ಓದುವ ಕನ್ನಡಕ ಹಾಕಿದರೆ ಸೈಟ್ ಕಾಣುತ್ತದೆ, ಗುರಿಹಲಗೆ ಮಂಜಾಗುತ್ತದೆ. ತೆಗೆದರೆ ಹಲಗೆ ಕಾಣುತ್ತದೆ, ಸೈಟ್ ಮಾಯ. ಪುಟ್ಟ ಗಾಜಿನ ಕಿಟಕಿಯಲ್ಲಿ ಕೆಂಪು ಚುಕ್ಕಿ ತೋರಿಸುವ ಸೈಟ್, ಅಂದರೆ ರೆಡ್ ಡಾಟ್, ಇದ್ದರೆ ಈ ಜಗ್ಗಾಟವಿಲ್ಲ. ದೃಷ್ಟಿ ಗುರಿಯ ಮೇಲೆಯೇ ಇರುತ್ತದೆ, ಕೆಂಪು ಚುಕ್ಕಿ ತಾನಾಗಿ ಅಲ್ಲಿಗೆ ಬಂದು ಕೂರುತ್ತದೆ. ನನ್ನ ಮಟ್ಟಿಗೆ ಅರ್ಧ ತೀರ್ಮಾನ ಅಲ್ಲಿಗೇ ಆಗಿಹೋಯಿತು.

ಅದಕ್ಕೂ ಮೊದಲು ಕಾನೂನಿನ ಮಾತು. ವಿದ್ಯಾರ್ಥಿ ವೀಸಾ, ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾಗಳಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳಿವೆ, ಆದರೆ ಅವುಗಳ ಗೋಜಿಗೆ ನಾನು ಹೋಗಲಿಲ್ಲ. ಗ್ರೀನ್ ಕಾರ್ಡ್ ಕೈಗೆ ಬರುವ ತನಕ ಪಂದ್ಯಗಳನ್ನು ಬೇಲಿಯಾಚೆ ನಿಂತು ನೋಡಿದೆ, ನಿಯಮಪುಸ್ತಕ ಓದಿದೆ. ಆ ಓದು ದುಡ್ಡು ಉಳಿಸಿತು.

ಈ ಆಟದ ಅಂತರರಾಷ್ಟ್ರೀಯ ಒಕ್ಕೂಟ ಐಪಿಎಸ್‌ಸಿ 1976ರಲ್ಲಿ ಮಿಸೌರಿಯ ಕೊಲಂಬಿಯಾದಲ್ಲಿ ಹುಟ್ಟಿತು. ಅಮೆರಿಕದಲ್ಲಿ ಅದರ ಅಂಗಸಂಸ್ಥೆ ಯುಎಸ್‌ಪಿಎಸ್‌ಎ. ನಿಖರತೆ, ಶಕ್ತಿ, ವೇಗ ಮೂರೂ ಬೇಕೆನ್ನುವುದು ಇದರ ಮೂಲಮಂತ್ರ. ಕೊಡಗಿನ ಕೈಲ್ ಮುಹೂರ್ತದಲ್ಲಿ ಮರದ ಮೇಲಿನ ತೆಂಗಿನಕಾಯಿಗೆ ನಿಧಾನವಾಗಿ ಗುರಿಯಿಟ್ಟು ಹೊಡೆಯುವುದನ್ನು ನೋಡಿ ಬೆಳೆದ ನನಗೆ ಗಡಿಯಾರದ ಜೊತೆ ಓಡುತ್ತಾ ಹೊಡೆಯುವುದು ಬೇರೆಯೇ ಲೋಕ. ಇಲ್ಲಿ ಗಳಿಸಿದ ಅಂಕಗಳನ್ನು ಸೆಕೆಂಡುಗಳಿಂದ ಭಾಗಿಸುತ್ತಾರೆ. ಬಂದ ಸಂಖ್ಯೆಯೇ ಹಿಟ್ ಫ್ಯಾಕ್ಟರ್.

ಪಿಸ್ತೂಲಿನ ಆಯ್ಕೆಯ ಬೇರು ಇರುವುದು ಈ ಲೆಕ್ಕದಲ್ಲಿ. ಹಲಗೆಯ ನಡುವಿನ ‘ಎ’ ವಲಯಕ್ಕೆ ಬಿದ್ದರೆ ಎಲ್ಲರಿಗೂ 5 ಅಂಕ. ‘ಸಿ’ ವಲಯಕ್ಕೆ ಬಿದ್ದರೆ ಹೆಚ್ಚು ಶಕ್ತಿಯ ‘ಮೇಜರ್’ ಗುಂಡಿಗೆ 4, ಕಡಿಮೆ ಶಕ್ತಿಯ ‘ಮೈನರ್’ ಗುಂಡಿಗೆ 3. ‘ಡಿ’ ವಲಯದಲ್ಲಿ 2 ಮತ್ತು 1. ಗುಂಡಿನ ತೂಕವನ್ನು ಗ್ರೇನ್ ಎಂಬ ಕಿರು ಮಾನದಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದು ತೆಗೆದುಕೊಂಡು, ಗುಣಿಸಿ, ಸಾವಿರದಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್ ಸಿಗುತ್ತದೆ. ಯುಎಸ್‌ಪಿಎಸ್‌ಎಯಲ್ಲಿ 125 ಮುಟ್ಟಿದರೆ ಮೈನರ್, 165 ಮುಟ್ಟಿದರೆ ಮೇಜರ್. ಒಂದು ಸ್ಟೇಜಿನಲ್ಲಿ, ಎಂದರೆ ಪಂದ್ಯದ ಒಂದು ಸುತ್ತಿನಲ್ಲಿ, 32 ಗುಂಡು ಎಂದುಕೊಳ್ಳಿ. ಎಲ್ಲವನ್ನೂ ‘ಎ’ಗೆ ಹಾಕಿ 20 ಸೆಕೆಂಡಿನಲ್ಲಿ ಮುಗಿಸಿದರೆ 160 ಅಂಕ, ಹಿಟ್ ಫ್ಯಾಕ್ಟರ್ 8. ಮೈನರ್ ಗುಂಡಿನವನು ಎಂಟನ್ನು ‘ಸಿ’ಗೆ ಹಾಕಿ 18 ಸೆಕೆಂಡಿನಲ್ಲಿ ಮುಗಿಸಿದರೆ 144 ಅಂಕ, ಅದೂ 8. ಅದೇ ಆಟವನ್ನು ಮೇಜರ್ ಗುಂಡಿನಲ್ಲಿ ಆಡಿದವನಿಗೆ 152 ಅಂಕ, 8.44.

ಪಿಸ್ತೂಲಿನ ಬಗೆ ನೋಡಿ ಆಟಗಾರರನ್ನು ವಿಭಾಗಗಳಾಗಿ ಹಂಚುತ್ತಾರೆ. ಹೀಗಾಗಿ ಅಂಗಡಿಯಲ್ಲಿ ಸುಲಭವಾಗಿ, ಅಗ್ಗವಾಗಿ ಸಿಗುವ 9 ಎಂಎಂ ಗುಂಡನ್ನೇ ನೆಚ್ಚಿಕೊಂಡವನು ಲಿಮಿಟೆಡ್ ವಿಭಾಗಕ್ಕೆ ಹೋದರೆ ಪ್ರತಿ ‘ಸಿ’ಗೂ ಒಂದೊಂದು ಅಂಕ ದಂಡ ತೆತ್ತಂತೆ. ಅಲ್ಲಿ ಮೇಜರ್ ಬೇಕೆಂದರೆ .40 ಕ್ಯಾಲಿಬರ್ ಬೇಕು. ಓಪನ್ ವಿಭಾಗದ, ಮೂತಿಯ ಜಿಗಿತ ತಗ್ಗಿಸುವ ಕಾಂಪೆನ್ಸೇಟರ್ ಇರುವ ಪಿಸ್ತೂಲುಗಳು ರೇಸ್ ಕಾರುಗಳ ಹಾಗೆ: ಬೆಲೆಯೂ ಹಾಗೇ, ರಗಳೆಯೂ ಹಾಗೇ, ಜೊತೆಗೆ ಗುಂಡುಗಳನ್ನು ಮನೆಯಲ್ಲೇ ತುಂಬಿಕೊಳ್ಳುವ ಯಂತ್ರವೂ ಬೇಕಾದೀತು. ಸಿಂಗಲ್ ಸ್ಟ್ಯಾಕ್ ಸೊಗಸಾದ ವಿಭಾಗ, 1911 ಎಂಬ ಹಳೆಯ ಪಿಸ್ತೂಲು ಮಾದರಿಯ ಅಭಿಮಾನಿಗಳಿಗೆ ಹಬ್ಬ. ಆದರೆ ಮ್ಯಾಗಜೀನಿನಲ್ಲಿ 8 ಇಲ್ಲವೇ 10 ಗುಂಡು, ಡಾಟ್ ಇಲ್ಲದ ಕಬ್ಬಿಣದ ಸೈಟ್. ನನ್ನ ಕಣ್ಣು ಒಪ್ಪಲಿಲ್ಲ.

ಉಳಿದದ್ದು ಕ್ಯಾರಿ ಆಪ್ಟಿಕ್ಸ್ ಮತ್ತು ಲಿಮಿಟೆಡ್ ಆಪ್ಟಿಕ್ಸ್. ಎರಡರಲ್ಲೂ ಡಾಟ್ ಇದೆ, ಎಲ್ಲರಿಗೂ ಮೈನರ್ ಲೆಕ್ಕವೇ, ಆದ್ದರಿಂದ 9 ಎಂಎಂ ಇದ್ದವನಿಗೆ ಕೊರತೆಯಿಲ್ಲ. 1911ರ ಹೊಸ ರೂಪವಾದ ಸಿಂಗಲ್ ಆ್ಯಕ್ಷನ್ (ಹ್ಯಾಮರ್ ಮೊದಲೇ ಎಳೆದಿಟ್ಟು ಹೊಡೆಯುವ) 2011 ಮಾದರಿಗಳಿಗೆ ಎರಡನೆಯದರಲ್ಲಿ ಮಾತ್ರ ಜಾಗ. ಅವುಗಳ ಟ್ರಿಗರ್ ಬೆಣ್ಣೆಯಂತಿದೆ, ನಿಜ, ಆದರೆ ಒಳ್ಳೆಯದೊಂದರ ಬೆಲೆ ಎರಡು ಸಾವಿರ ಡಾಲರ್ ದಾಟುತ್ತದೆ. ಆ ಹೆಚ್ಚುವರಿ ಹಣದಲ್ಲಿ ಬರುವ ಗುಂಡುಗಳು ನನ್ನನ್ನು ಹೆಚ್ಚು ತಿದ್ದುತ್ತವೆ ಎಂದು ಲೆಕ್ಕ ಹಾಕಿ ಕ್ಯಾರಿ ಆಪ್ಟಿಕ್ಸ್‌ಗೆ ಬಂದೆ.

ಇನ್ನು ಪಿಸ್ತೂಲು. ಫೀನಿಕ್ಸ್‌ನ ಬೆನ್ ಏವರಿ ಶೂಟಿಂಗ್ ರೇಂಜಿನಲ್ಲಿ ಜೊತೆಯವರು ಧಾರಾಳಿಗಳು. ಅಭ್ಯಾಸದ ದಿನ ಕೇಳಿದರೆ ತಮ್ಮ ಪಿಸ್ತೂಲು, ಗುಂಡು ಎರಡನ್ನೂ ಕೈಗಿಡುತ್ತಾರೆ. ಗ್ಲಾಕ್ 34 ಹಗುರ, ಅಗ್ಗ, ಬಿಡಿಭಾಗ ಎಲ್ಲೆಡೆ ಸಿಗುತ್ತದೆ. ಆದರೆ ಅದರ ಹಿಡಿಯ ಓರೆ ನನ್ನ ಮಣಿಕಟ್ಟಿಗೆ ಒಗ್ಗಲಿಲ್ಲ: ಎತ್ತಿ ಹಿಡಿದಾಗಲೆಲ್ಲ ಮೂತಿ ಮೇಲೆ, ಚುಕ್ಕಿ ಕಿಟಕಿಯಾಚೆ. ವಾಲ್ಥರ್ ಪಿಡಿಪಿಯ ಹಿಡಿ ಕೈಗೆ ಹೇಳಿ ಮಾಡಿಸಿದಂತಿತ್ತು, ಹೊಡೆದಾಗ ಮಾತ್ರ ಮೂತಿ ಜಿಗಿಯುತ್ತಿತ್ತು. ಸಿಜೆಡ್ ಶ್ಯಾಡೋ 2 ಉಕ್ಕಿನದು, ಖಾಲಿ ಇದ್ದಾಗಲೇ ಸುಮಾರು 1.3 ಕಿಲೋ. ಅದರ ಸ್ಲೈಡ್, ಎಂದರೆ ಹಿಂದೆ ಮುಂದೆ ಸರಿಯುವ ಮೇಲ್ಭಾಗ, ಫ್ರೇಮಿನ ಒಳಗೆ ತಗ್ಗಿನಲ್ಲಿ ಓಡುವುದರಿಂದ ಚುಕ್ಕಿ ಸ್ವಲ್ಪ ಮೇಲೆದ್ದು ಅದೇ ಜಾಗಕ್ಕೆ ಮರಳುತ್ತದೆ. ಈ ವಿಭಾಗದ ತೂಕದ ಮಿತಿ 59 ಔನ್ಸ್, ಎಂದರೆ 1.67 ಕಿಲೋ, ಡಾಟ್ ಕೂರಿಸಿದ ಮೇಲೂ ಮಿತಿಯೊಳಗೇ ಇತ್ತು. ಡಾಟ್ ಕೂರಿಸಲು ಸ್ಲೈಡ್ ಸಿದ್ಧವಾಗಿರುವ ಮಾದರಿಯನ್ನೇ ಕೊಂಡೆ. ನನ್ನ ಅಂಗೈ ಚಿಕ್ಕದು, ಟ್ರಿಗರಿನ ಉದ್ದನೆಯ ಮೊದಲ ಎಳೆತಕ್ಕೆ ಬೆರಳು ಎಟಕುತ್ತಿರಲಿಲ್ಲ. ಹಿಡಿಯ ಎರಡೂ ಬದಿಯ ಪಟ್ಟಿ ತೆಗೆಸಿ ಇನ್ನೂ ತೆಳುವಾದ ಅಲ್ಯೂಮಿನಿಯಂ ಪಟ್ಟಿ ಹಾಕಿಸಿದ್ದರಿಂದ ಅದು ನೀಗಿತು.

ಈ ಪಿಸ್ತೂಲಿನ ಜೊತೆಗೊಂದು ಶಿಸ್ತು ಬರುತ್ತದೆ. ಆಟ ಶುರುವಾಗುವಾಗ ಹ್ಯಾಮರ್ (ಪಿಸ್ತೂಲಿನ ಹಿಂದಿನ ಪುಟ್ಟ ಬಡಿಗೆ) ಪೂರ್ತಿ ಕೆಳಗಿರಬೇಕು, ಆದರೆ ಶ್ಯಾಡೋ 2ರಲ್ಲಿ ಅದನ್ನು ಇಳಿಸುವ ಸನ್ನೆ ಇಲ್ಲ. ಪಂದ್ಯಾಧಿಕಾರಿ ‘ಮೇಕ್ ರೆಡಿ’ ಎಂದೊಡನೆ ಮ್ಯಾಗಜೀನ್ ಹಾಕಿ, ಸ್ಲೈಡ್ ಎಳೆದು, ಮೂತಿಯನ್ನು ಮಣ್ಣಿನ ದಿಬ್ಬದತ್ತ ಇಟ್ಟು, ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಹ್ಯಾಮರನ್ನು ಗಟ್ಟಿಯಾಗಿ ಚಿವುಟಿ ಹಿಡಿಯುತ್ತೇನೆ. ಬಲಗೈ ಟ್ರಿಗರನ್ನು ಅದುಮುತ್ತದೆ, ಹ್ಯಾಮರ್ ಬೆರಳುಗಳ ನಡುವೆ ಕೂದಲೆಳೆಯಷ್ಟೇ ಜಾರುತ್ತದೆ, ಅಷ್ಟರಲ್ಲೇ ಟ್ರಿಗರ್ ಬಿಟ್ಟು ಮಿಕ್ಕದ್ದನ್ನು ನಿಧಾನವಾಗಿ ಇಳಿಸುತ್ತೇನೆ. ಬೆವರಿದ ಕೈಯನ್ನು ಮೊದಲು ಪ್ಯಾಂಟಿಗೆ ಒರೆಸಿಕೊಳ್ಳುತ್ತೇನೆ. ಇಲ್ಲಿ ಗುಂಡು ಹಾರಿದರೆ ಪಂದ್ಯದಿಂದಲೇ ಹೊರಗೆ. ಇದು ಬೇಡ ಎನ್ನುವವರಿಗೆ ಗ್ಲಾಕ್, ವಾಲ್ಥರ್‌ಗಳಂಥ, ಹೊರಗೆ ಹ್ಯಾಮರ್ ಇಲ್ಲದ ಸ್ಟ್ರೈಕರ್ ಪಿಸ್ತೂಲೇ ಸರಿ; ಹೊಸಬರಿಗೆ ನಾನು ಹೇಳುವುದೂ ಅದನ್ನೇ.

ಅರಿಜೋನದ ಬಿಸಿಲಿನಲ್ಲಿ ಚುಕ್ಕಿಯ ಪ್ರಖರತೆಯನ್ನು ಸ್ಟೇಜಿನಿಂದ ಸ್ಟೇಜಿಗೆ ನೋಡಿಕೊಳ್ಳಬೇಕು. ತಿಳಿ ಬಣ್ಣದ ಮಣ್ಣಿನ ಮುಂದೆ ಅದು ಅಳಿಸಿಹೋಗುತ್ತದೆ, ನೆರಳಿನ ಗೋಡೆಯ ಮುಂದೆ ಉರಿಯುವ ಗೋಲಿಯಾಗುತ್ತದೆ. ಚುಕ್ಕಿಯ ಗಾತ್ರ 6 ಎಂಒಎ (ಕೋನದ ಅಳತೆ) ಇರುವ ದೊಡ್ಡದನ್ನು ಆರಿಸಿದ್ದೂ ಈ ಬೆಳಕಿಗಾಗಿಯೇ.

ಮ್ಯಾಗಜೀನ್‌ಗಳಲ್ಲಿ ಜಿಪುಣತನ ಬೇಡ. ನಿಯಮದ ಉದ್ದದೊಳಗೆ ತಳ ಬೆಳೆಸಿದ ಮ್ಯಾಗಜೀನಿನಲ್ಲಿ 20ಕ್ಕೂ ಹೆಚ್ಚು ಗುಂಡು ಹಿಡಿಯುವುದರಿಂದ ದೊಡ್ಡ ಸ್ಟೇಜಿಗೂ ಒಂದೇ ಬದಲಾವಣೆ ಸಾಕು. ಬೇರೆ ದೇಶದಲ್ಲಿ ಐಪಿಎಸ್‌ಸಿ ಪಂದ್ಯ ಆಡುವ ಆಸೆಯಿದ್ದರೆ ಅಲ್ಲಿನ ಪ್ರೊಡಕ್ಷನ್ ಆಪ್ಟಿಕ್ಸ್‌ನಲ್ಲಿ ಆರಂಭಕ್ಕೆ 15 ಗುಂಡು ಮಾತ್ರ ಎಂಬುದು ನೆನಪಿರಲಿ. ಗುಂಡಿನ ವಿಷಯದಲ್ಲಿ ನಾನು 147 ಗ್ರೇನ್‌ಗೆ ನಿಂತಿದ್ದೇನೆ. ನನ್ನ ಪಿಸ್ತೂಲಿನಲ್ಲಿ ವೇಗ 900 ಅಡಿಯ ಆಸುಪಾಸು, ಪವರ್ ಫ್ಯಾಕ್ಟರ್ 132. ಇನ್ನೂ ಮೆತ್ತಗಿನ ಗುಂಡು ಸಿಗುತ್ತದೆ, ಆದರೆ ದೊಡ್ಡ ಪಂದ್ಯಗಳಲ್ಲಿ ವೇಗವನ್ನು ಯಂತ್ರವಿಟ್ಟು ಅಳೆಯುತ್ತಾರೆ. 125ಕ್ಕೆ ಕೂದಲೆಳೆ ಕಡಿಮೆಯಾದರೂ ಇಡೀ ಪಂದ್ಯ ಲೆಕ್ಕಕ್ಕಿಲ್ಲದೆ ಆಡಬೇಕಾಗುತ್ತದೆ.