ಬೆಳಿಗ್ಗೆ ಸ್ಟಾರ್ಟ್ ಆಗಿ ಆಫ್ ಆಗುವ ಕಾರು: ಕಾಯಿಲೆ ಹುಡುಕುವುದು ಹೇಗೆ?

ಸಕಲೇಶಪುರದ ಹತ್ತಿರ ನಮ್ಮ ಮನೆ. ಗ್ಯಾರೇಜಿಗೆ ಆರು ಕಿಲೋಮೀಟರ್. ಡಿಸೆಂಬರಿನ ಬೆಳಿಗ್ಗೆ ಅಂಗಳದಲ್ಲಿ ಗಡಗಡ ನಡುಗಿ ಮೂರು ಸಲ ಆಫ್ ಆಗುತ್ತಿದ್ದ ನಮ್ಮ ಆಲ್ಟೊ, ಗ್ಯಾರೇಜು ಮುಟ್ಟುವ ಹೊತ್ತಿಗೆ ಏನೂ ಆಗದ ಹಾಗೆ ಓಡುತ್ತಿತ್ತು. ಮೆಕ್ಯಾನಿಕ್ ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, "ಗಾಡಿ ಚೆನ್ನಾಗೇ ಇದೆಯಲ್ಲ ಸಾರ್" ಎನ್ನುತ್ತಿದ್ದರು. ಎರಡು ಚಳಿಗಾಲ ಹೀಗೇ ಕಳೆಯಿತು. ಮೊದಲು ಸ್ಪಾರ್ಕ್ ಪ್ಲಗ್ ಬದಲಾಯಿತು. ಆಮೇಲೆ ಪೆಟ್ರೋಲ್ ಫಿಲ್ಟರ್. ಆಮೇಲೆ ಪಂಪೇ ಬದಲಾಯಿತು. ಕೊನೆಗೆ ಸಿಕ್ಕಿಬಿದ್ದದ್ದು ಹೆಬ್ಬೆರಳಿನಷ್ಟು ದಪ್ಪದ ಒಂದು ಸೆನ್ಸರ್.

ಇಷ್ಟೆಲ್ಲ ದುಡ್ಡು ಸುರಿದ ಮೇಲೆ ತಿಳಿದ ಒಂದು ಮಾತನ್ನು ಮೊದಲೇ ಹೇಳುತ್ತೇನೆ. ತಣ್ಣಗಿರುವಾಗ ಬರುವ ತೊಂದರೆಯನ್ನು ತಣ್ಣಗಿರುವಾಗಲೇ ಹುಡುಕಬೇಕು. ಅದಕ್ಕೆ ದಿನಕ್ಕೆ ಒಂದೇ ಅವಕಾಶ, ರಾತ್ರಿಯೆಲ್ಲ ನಿಂತ ಕಾರಿಗೆ ಬೆಳಿಗ್ಗೆ ಮೊದಲ ಸೆಲ್ಫ್ ಹೊಡೆಯುವಾಗ. ಆ ಹತ್ತು ನಿಮಿಷ ಮನೆಯಲ್ಲಿ ಇರುವವರು ನೀವು, ಮೆಕ್ಯಾನಿಕ್ ಅಲ್ಲ. ಹಾಗಾಗಿ ಅರ್ಧ ಕೆಲಸ ನಿಮ್ಮದೇ.

ಇಲ್ಲಿ ಹೇಳುವುದು ಇಂಜೆಕ್ಟರ್ ಇರುವ ಪೆಟ್ರೋಲ್ ಕಾರುಗಳ ವಿಷಯ. ಕಾರ್ಬ್ಯುರೇಟರ್ ಇರುವ ಹಳೇ ಮಾರುತಿ 800 ಇನ್ನೂ ಇಟ್ಟುಕೊಂಡಿದ್ದರೆ ಮೊದಲು ಚೋಕ್ ಸರಿಯಾಗಿ ಮುಚ್ಚುತ್ತದೆಯೇ ನೋಡಿ. ಡೀಸೆಲ್ ಗಾಡಿಯ ಲೆಕ್ಕ ಪೂರ್ತಿ ಬೇರೆ.

ತಣ್ಣಗಾದರೆ ಒಳಗೆ ಏನಾಗುತ್ತದೆ?

ಪೆಟ್ರೋಲ್ ದ್ರವವಾಗಿ ಉರಿಯುವುದಿಲ್ಲ, ಆವಿಯಾಗಿ ಉರಿಯುತ್ತದೆ. ಎಂಜಿನ್ ಬಿಸಿ ಇದ್ದಾಗ ಇಂಜೆಕ್ಟರ್ ಚಿಮ್ಮಿಸಿದ ಪೆಟ್ರೋಲ್ ತಕ್ಷಣ ಆವಿಯಾಗುತ್ತದೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಸೇರಿದರೆ ಸಾಕು. ಚಳಿಯಲ್ಲಿ ಹಾಗಲ್ಲ. ಎಂಜಿನ್ನಿನ ತಣ್ಣಗಿನ ಒಳಗೋಡೆಗೆ ಪೆಟ್ರೋಲ್ ಹನಿಹನಿಯಾಗಿ ಅಂಟಿಕೊಳ್ಳುತ್ತದೆ. ಉರಿಯಲು ಬೇಕಾದ ಆವಿ ಸಾಲದು. ಅದಕ್ಕೇ ಹೊಸ ಕಾರುಗಳಲ್ಲಿ ಕಂಪ್ಯೂಟರ್ ತಾನೇ ಜಾಸ್ತಿ ಪೆಟ್ರೋಲ್ ಬಿಡುತ್ತದೆ, ಜೊತೆಗೆ ಗಾಳಿಯನ್ನೂ ಸ್ವಲ್ಪ ಹೆಚ್ಚಿಸಿ ಐಡ್ಲಿಂಗ್ (ಎಕ್ಸಿಲೇಟರ್ ಒತ್ತದಾಗ ಎಂಜಿನ್ ಓಡುವ ವೇಗ) ಏರಿಸುತ್ತದೆ. ಹಳೇ ಗಾಡಿಯಲ್ಲಿ ನಾವು ಕೈಯಲ್ಲಿ ಎಳೆಯುತ್ತಿದ್ದ ಚೋಕಿನ ಕೆಲಸವೇ ಇದು.

ಎಂಜಿನ್ ತಣ್ಣಗಿದೆ ಎಂದು ಕಂಪ್ಯೂಟರಿಗೆ ಹೇಳುವುದು ಕೂಲೆಂಟ್ ಸೆನ್ಸರ್, ಅಂದರೆ ಎಂಜಿನ್ನನ್ನು ತಂಪು ಮಾಡುವ ದ್ರವದ ಬಿಸಿ ಅಳೆಯುವ ಸೆನ್ಸರ್. ಬಿಸಿಯಾದ ಮೇಲೆ ಇನ್ನೊಬ್ಬ ಕಾವಲುಗಾರ ಬರುತ್ತಾನೆ. ಸೈಲೆನ್ಸರ್ ಕಡೆಯ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್. ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಹೊಗೆ ನೋಡಿ ಹೇಳುವುದು ಅದು. ಆದರೆ ತಾನು ಬಿಸಿಯಾಗುವವರೆಗೂ ಅದು ಕೆಲಸ ಮಾಡುವುದಿಲ್ಲ. ಅಂದರೆ ಚಳಿಯಲ್ಲಿ ಕಂಪ್ಯೂಟರ್ ಅಂದಾಜಿನ ಮೇಲೇ ನಡೆಯುತ್ತದೆ. ಬಿಸಿಯಾದ ಮೇಲೆ ಸಣ್ಣಪುಟ್ಟ ತಪ್ಪನ್ನೆಲ್ಲ ತಾನೇ ತಿದ್ದಿಕೊಳ್ಳುತ್ತದೆ. ಆರು ಕಿಲೋಮೀಟರಿನಲ್ಲಿ ನಮ್ಮ ಕಾರು ವಾಸಿಯಾಗುತ್ತಿದ್ದದ್ದು ಹೀಗೆ.

ಸೆಲ್ಫ್ ಹೊಡೆಯುವ ಮೊದಲು

ಹಿಂದಿನ ರಾತ್ರಿಯೇ ಕಾರನ್ನು ಬಯಲಲ್ಲಿ ನಿಲ್ಲಿಸಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುತ್ತಾ ಕೂರಬೇಡಿ, ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಪ್ರಾಣವನ್ನೇ ತೆಗೆಯುತ್ತದೆ. ಬೇಕಾಗುವುದು ಒಂದು ಮಲ್ಟಿಮೀಟರ್, ಪ್ಲಗ್ ಸ್ಪ್ಯಾನರ್, ಟಾರ್ಚ್. ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಹೇಳುವುದನ್ನು ಓದುವ ಸಾಧನ) ಇದ್ದರೆ ತುಂಬಾ ಒಳ್ಳೆಯದು. 2013ರ ನಂತರದ ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ ಅದನ್ನು ಚುಚ್ಚುವ ಜಾಗ ಇರುತ್ತದೆ.

ಮೊದಲು ಬ್ಯಾಟರಿ. ರಾತ್ರಿಯೆಲ್ಲ ನಿಂತ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸುತ್ತದೆ. 12.2ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ. ಬ್ಯಾಟರಿಯೇ ಸೋತಿದ್ದರೆ ಮುಂದಿನ ಯಾವ ಪರೀಕ್ಷೆಯನ್ನೂ ನಂಬುವ ಹಾಗಿಲ್ಲ.

ಎರಡನೆಯದು ನನಗೆ ಬಹಳ ಇಷ್ಟವಾದ ಪರೀಕ್ಷೆ. ಐದು ಪೈಸೆ ಖರ್ಚಿಲ್ಲ, ಕೈಗೆ ಮಸಿಯೂ ಹತ್ತುವುದಿಲ್ಲ. ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಸ್ಕ್ಯಾನರಿನಲ್ಲಿ ಕೂಲೆಂಟ್ ಎಷ್ಟು ಡಿಗ್ರಿ, ಒಳಗೆ ಹೋಗುವ ಗಾಳಿ ಎಷ್ಟು ಡಿಗ್ರಿ ಎಂದು ನೋಡಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಎರಡೂ ಒಂದೇ ಆಗಿರಬೇಕು, ಹೊರಗಿನ ಚಳಿಗೂ ಸರಿಹೊಂದಬೇಕು. ಎರಡು ಮೂರು ಡಿಗ್ರಿ ಆಚೀಚೆ ಇರಲಿ, ಪರವಾಗಿಲ್ಲ. ನಮ್ಮ ಅಂಗಳದಲ್ಲಿ ಅವತ್ತು 13 ಡಿಗ್ರಿ. ಗಾಳಿಯ ಸೆನ್ಸರ್ 14 ಎಂದಿತು. ಕೂಲೆಂಟ್ ಸೆನ್ಸರ್ 46 ಎಂದಿತು! ಎಂಜಿನ್ ಆಗಲೇ ಬೆಚ್ಚಗಿದೆ ಎಂದುಕೊಂಡ ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಬಿಡಲೇ ಇಲ್ಲ. ಗಾಡಿ ಆಫ್ ಆಗದೆ ಇನ್ನೇನಾದೀತು?

ಇಷ್ಟು ದಿನ ಚೆಕ್ ಎಂಜಿನ್ ದೀಪ ಯಾಕೆ ಹತ್ತಲಿಲ್ಲ ಎಂದು ನಿಮಗೂ ಅನಿಸಬಹುದು. ಸೆನ್ಸರಿನ ತಂತಿ ಕಿತ್ತರೆ ಅಥವಾ ಶಾರ್ಟ್ ಆದರೆ ಪಿ0117, ಪಿ0118 ಎಂಬ ಕೋಡ್ ಬರುತ್ತದೆ. ಆದರೆ 46 ಡಿಗ್ರಿ ಎನ್ನುವುದು ಎಂಜಿನ್ನಿಗೆ ಆಗಬಹುದಾದ ಬಿಸಿಯೇ ಅಲ್ವಾ? ಅದು ಸುಳ್ಳು ಎಂದು ಕಂಪ್ಯೂಟರಿಗೆ ಗೊತ್ತಾಗುವುದು ಕಷ್ಟ. ಹಾಗಾಗಿ ದೀಪ ಹತ್ತಿಲ್ಲ ಎಂದು ಸೆನ್ಸರಿನ ಮೇಲಿನ ಅನುಮಾನ ಬಿಡಬೇಡಿ.

ಸ್ಕ್ಯಾನರ್ ಇಲ್ಲದಿದ್ದರೆ ಮಲ್ಟಿಮೀಟರ್ ಸಾಕು. ತಣ್ಣಗಿರುವಾಗಲೇ ಕೂಲೆಂಟ್ ಸೆನ್ಸರಿನ ತಂತಿಯ ಕನೆಕ್ಟರ್ ಬಿಚ್ಚಿ, ಸೆನ್ಸರಿನ ಎರಡು ಪಿನ್ನುಗಳ ನಡುವೆ ಓಮ್ (ವಿದ್ಯುತ್ ತಡೆ) ಅಳೆಯಿರಿ. ಬಹಳಷ್ಟು ಕಾರುಗಳಲ್ಲಿ 20 ಡಿಗ್ರಿಗೆ 2,000ದಿಂದ 3,000 ಓಮ್, 80 ಡಿಗ್ರಿಗೆ ಸುಮಾರು 300 ಓಮ್ ಇರುತ್ತದೆ. ಬಿಸಿ ಏರಿದಂತೆ ಓಮ್ ಇಳಿಯಬೇಕು. ತಣ್ಣಗಿರುವಾಗಲೇ 800, 900 ತೋರಿಸಿದರೆ ಸೆನ್ಸರ್ ಹೋಗಿದೆ. ಹಸಿರು ಬಣ್ಣದ ತುಕ್ಕು ಪಿನ್ನಿನಲ್ಲಿದ್ದರೆ ತೊಂದರೆ ತಿರುಗುಮುರುಗು ಆಗುತ್ತದೆ. ಇಲ್ಲದ ಚಳಿ ಇದೆ ಎಂದುಕೊಂಡು ಕಂಪ್ಯೂಟರ್ ಅತಿಯಾಗಿ ಪೆಟ್ರೋಲ್ ಸುರಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ.

ಮೂರನೆಯದು ಪೆಟ್ರೋಲ್ ಪಂಪ್. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡ್ 'ಗುಂಯ್' ಎಂಬ ಸದ್ದು ಬರಬೇಕು. ಒಂದು ದಿನ ನೇರವಾಗಿ ಸ್ಟಾರ್ಟ್ ಮಾಡಿ ನೋಡಿ. ಮರುದಿನ ಮೂರು ಸಲ ಕೀ ಆನ್-ಆಫ್ ಮಾಡಿ, ಪ್ರತಿ ಸಲವೂ ಆ ಸದ್ದು ಮುಗಿಯುವವರೆಗೆ ಕಾದು, ಆಮೇಲೆ ಸ್ಟಾರ್ಟ್ ಮಾಡಿ. ಎರಡನೇ ದಿನ ಚೆನ್ನಾಗಿ ಸ್ಟಾರ್ಟ್ ಆದರೆ ರಾತ್ರಿ ಪೈಪಿನಲ್ಲಿ ಪೆಟ್ರೋಲಿನ ಒತ್ತಡ ಇಳಿದುಹೋಗುತ್ತಿದೆ ಎಂದರ್ಥ. ಆಗ ಮಾತ್ರ ಪಂಪು, ಇಂಜೆಕ್ಟರ್ ಕಡೆ ನೋಡಿ. ನಾನು ಈ ಪರೀಕ್ಷೆ ಮಾಡಿದ್ದರೆ ಒಂದು ಪಂಪಿನ ದುಡ್ಡು ಉಳಿಯುತ್ತಿತ್ತು.

ಸ್ಟಾರ್ಟ್ ಆದ ಮೇಲೆ

ಈಗ ಸೆಲ್ಫ್ ಹೊಡೆಯಿರಿ. ಎಕ್ಸಿಲೇಟರ್ ಮುಟ್ಟಬೇಡಿ. ತಣ್ಣಗಿನ ಎಂಜಿನ್ 1,200ರಿಂದ 1,500 ಆರ್‌ಪಿಎಂವರೆಗೆ (ನಿಮಿಷಕ್ಕೆ ಅಷ್ಟು ಸುತ್ತು) ಏರಿ, ಬಿಸಿಯಾದ ಹಾಗೆ ನಿಧಾನಕ್ಕೆ 700–900ಕ್ಕೆ ಇಳಿಯಬೇಕು. ಡ್ಯಾಶ್‌ಬೋರ್ಡಿನಲ್ಲಿ ಆ ಮುಳ್ಳು ಇಲ್ಲದಿದ್ದರೆ ಸ್ಕ್ಯಾನರ್ ತೋರಿಸುತ್ತದೆ, ಕಿವಿಗೂ ಗೊತ್ತಾಗುತ್ತದೆ. ಮೊದಲಿಂದಲೇ ಕೆಳಗಿದ್ದು ನಡುಗಿದರೆ ಎಕ್ಸಿಲೇಟರನ್ನು ಕೂದಲೆಳೆಯಷ್ಟು ಒತ್ತಿ ನೋಡಿ.

ಒತ್ತಿದ ಕೂಡಲೇ ನಡುಕ ನಿಂತರೆ ಎಂಜಿನ್ನಿಗೆ ಐಡ್ಲಿಂಗ್ ಹೊತ್ತಿನ ಗಾಳಿ ಸಾಲುತ್ತಿಲ್ಲ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಮತ್ತು ಐಡ್ಲಿಂಗ್ ವಾಲ್ವ್‌ನಲ್ಲಿ ಮಸಿ ಕೂತಿರುತ್ತದೆ. ಗಾಳಿಯ ಪೈಪ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಗಾಳಿಗೆ ತೆರೆದು ಮುಚ್ಚುವ ದುಂಡನೆಯ ತಟ್ಟೆಯ ಅಂಚಿನಲ್ಲಿ ಕಪ್ಪು ಕಾಣುತ್ತದೆ. ಎಂಜಿನ್ ಆಫ್ ಮಾಡಿ, ಥ್ರಾಟಲ್ ಕ್ಲೀನರ್ ಹಾಕಿದ ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಕೇಬಲ್ ಬದಲು ಮೋಟರಿನಿಂದ ನಡೆಯುವ ಥ್ರಾಟಲ್ ಇದ್ದರೆ ತಟ್ಟೆಯನ್ನು ಬೆರಳಿನಿಂದ ಬಲವಂತವಾಗಿ ತಿರುಗಿಸಬೇಡಿ, ಅದರ ಗೇರ್ ಹಾಳಾಗುತ್ತದೆ. ಒರೆಸಿದ ಮೇಲೆ ಮೊದಲ ಸಲ ಐಡ್ಲಿಂಗ್ ವಿಚಿತ್ರವಾಗಿರಬಹುದು. ಹತ್ತು ನಿಮಿಷ ಸುಮ್ನೆ ಓಡಲು ಬಿಡಿ. ಬಹಳಷ್ಟು ಕಾರುಗಳು ತಾವೇ ಹೊಂದಿಕೊಳ್ಳುತ್ತವೆ, ಕೆಲವಕ್ಕೆ ಮಾತ್ರ ಸ್ಕ್ಯಾನರಿನಿಂದ ಹೊಂದಿಸಬೇಕು.

ಒತ್ತಿದಾಗ ಕೆಮ್ಮಿದ ಹಾಗೆ ಮಾಡಿ ಆಫ್ ಆಗಲು ಹೊರಟರೆ ಪೆಟ್ರೋಲ್ ಕಡಿಮೆಯಾಗುತ್ತಿದೆ, ಇಲ್ಲವೇ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ. ರಬ್ಬರ್ ಹೋಸ್ ಪೈಪುಗಳು ವಯಸ್ಸಾದಂತೆ ಗಟ್ಟಿಯಾಗಿ ಸೀಳುತ್ತವೆ. ಚಳಿಯಲ್ಲಿ ಬಿಟ್ಟುಕೊಳ್ಳುವ ಸೀಳು ಬಿಸಿಗೆ ಕೂಡಿಕೊಳ್ಳುವುದೂ ಉಂಟು. ಪೈಪುಗಳ ತುದಿಯನ್ನು ಒಂದೊಂದಾಗಿ ಬಗ್ಗಿಸಿ ನೋಡಿ, ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಪೈಪನ್ನೂ ಬಿಡಬೇಡಿ. 'ಸ್ಸ್' ಎಂಬ ಸದ್ದು ಕೇಳಿಸಿಕೊಳ್ಳಿ. ಅನುಮಾನ ಬಂದ ಜಾಗಕ್ಕೆ ಸ್ವಲ್ಪ ನೀರು ಚಿಮುಕಿಸಿ, ಎಂಜಿನ್ ಸದ್ದು ಬದಲಾದರೆ ಸೀಳು ಅಲ್ಲೇ ಇದೆ. ಕೆಲವರು ಇದಕ್ಕೆ ಕಾರ್ಬ್ಯುರೇಟರ್ ಸ್ಪ್ರೇ ಹೊಡೆಯುತ್ತಾರೆ. ಅದು ಹತ್ತಿ ಉರಿಯುವ ವಸ್ತು, ಮನೆಯಲ್ಲಿ ದಯವಿಟ್ಟು ಬೇಡ. ಶಾಲು, ಮಫ್ಲರ್ ತೆಗೆದಿಟ್ಟೇ ಬಾನೆಟ್ಟಿನೊಳಗೆ ಬಗ್ಗಿ, ಬೆಲ್ಟು ಎಳೆದುಕೊಳ್ಳುತ್ತದೆ.

ಎಕ್ಸಿಲೇಟರ್ ಹೇಗೆ ಒತ್ತಿದರೂ ತಾಳ ತಪ್ಪಿದ ಹಾಗೆ 'ಮಿಸ್ಸಿಂಗ್' ಹೊಡೆದರೆ ಯಾವುದೋ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಮೂರೇ ಸಿಲಿಂಡರಿನ ಕಾರಿನಲ್ಲಿ ಒಂದು ಕೈಕೊಟ್ಟರೆ ಇಡೀ ಗಾಡಿ ಅಲ್ಲಾಡುತ್ತದೆ. ಪ್ಲಗ್ ಬಿಚ್ಚಿ ಮುಖ ನೋಡಿ. ತಿಳಿ ಕಂದು ಬಣ್ಣ ಒಳ್ಳೆಯದು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಒದ್ದೆಯಾಗಿ ಪೆಟ್ರೋಲ್ ನಾತ ಬಂದರೆ ಅಲ್ಲಿ ಕಿಡಿ ಹತ್ತುತ್ತಿಲ್ಲ. ಮಲೆನಾಡಿನವರು ಇಲ್ಲಿ ಒಂದು ಮಾತು ಗಮನಿಸಿ. ಮಳೆಗಾಲದಲ್ಲೂ ಇದೇ ತೊಂದರೆ ಬಂದರೆ ಅದು ಚಳಿಯದ್ದಲ್ಲ, ತೇವದ್ದು. ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿ, ದೂರ ನಿಂತು ನೋಡಿ. ಪ್ಲಗ್ ವೈರಿನ ಮೇಲೆ ನೀಲಿ ಕಿಡಿ ಹರಿದಾಡಿದರೆ ವೈರ್ ಬದಲಾಯಿಸಿ. ಓಡುವ ಎಂಜಿನ್ನಿನ ಪ್ಲಗ್ ವೈರನ್ನು ಕೈಯಲ್ಲಿ ಕೀಳುವ ಹಳೇ ಅಭ್ಯಾಸ ಮಾತ್ರ ಬೇಡವೇ ಬೇಡ. ಜೋರಾಗಿ ಶಾಕ್ ಹೊಡೆಯುತ್ತದೆ, ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಕೂಡ ಸುಡಬಹುದು.

ಸೈಲೆನ್ಸರ್ ತುದಿಯಲ್ಲಿ ಸ್ವಲ್ಪ ಬಿಳಿ ಆವಿ, ತೊಟ್ಟಿಕ್ಕುವ ನೀರು ಚಳಿಯಲ್ಲಿ ಸಹಜ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಸಿಹಿ ವಾಸನೆ ಬಂದು, ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಗಾಡಿ ಓಡಿಸಬೇಡಿ. ಹೆಡ್ ಗ್ಯಾಸ್ಕೆಟ್, ಅಂದರೆ ಕೂಲೆಂಟ್ ಸಿಲಿಂಡರಿನೊಳಗೆ ಹೋಗದಂತೆ ತಡೆಯುವ ಪದರ, ಹೋಗಿರಬಹುದು.

ಪೆಟ್ರೋಲು ಮತ್ತು ಥರ್ಮೋಸ್ಟಾಟ್

ಶೇ 20 ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದ್ದರು. ಈಗ ಬಹುತೇಕ ಎಲ್ಲ ಕಡೆ ಅದೇ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಕು, ನೀರನ್ನೂ ಎಳೆದುಕೊಳ್ಳುತ್ತದೆ. ಹಾಗೆಂದು ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟುವುದು ಸರಿಯಲ್ಲ. ಗಟ್ಟಿ ಇರುವ ಕಾರು ತಡೆದುಕೊಳ್ಳುತ್ತದೆ. ಮೊದಲೇ ಸೆನ್ಸರ್ ಸೋತಿರುವ, ಪೈಪ್ ಸೀಳಿರುವ ಕಾರಿನಲ್ಲಿ ಕಾಯಿಲೆ ಎದ್ದು ಕಾಣುತ್ತದೆ. ವಾರಗಟ್ಟಲೆ ನಿಲ್ಲಿಸುವ ಕಾರಾದರೆ ಟ್ಯಾಂಕ್ ತುಂಬಿಸಿಡಿ. ಖಾಲಿ ಜಾಗ ಕಡಿಮೆಯಾದಷ್ಟೂ ತೇವ ಸೇರುವುದು ಕಡಿಮೆ.

ನಮ್ಮಲ್ಲಿ ಇನ್ನೊಂದು ಕೆಟ್ಟ ರೂಢಿ ಇದೆ. "ನಮ್ಮ ಬಿಸಿಲಿಗೆ ಇದು ಬೇಡ" ಎಂದು ಥರ್ಮೋಸ್ಟಾಟನ್ನೇ (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಕಿತ್ತು ಎಸೆಯುವುದು. ಅದಿಲ್ಲದ ಎಂಜಿನ್ ಚಳಿಯಲ್ಲಿ ಪೂರ್ತಿ ಬಿಸಿಯಾಗುವುದೇ ಇಲ್ಲ. ಹತ್ತು ಕಿಲೋಮೀಟರ್ ಓಡಿದರೂ ಬಿಸಿಯ ಮುಳ್ಳು ಕೆಳಗೇ ಇದ್ದರೆ, ಮೈಲೇಜ್ ಇಳಿದಿದ್ದರೆ, ನಿಮ್ಮ ಕಾರಿನಲ್ಲಿ ಅದು ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಹಾಕಿಸಿ.

ಗ್ಯಾರೇಜಿಗೆ ಕೊಡುವಾಗ

ಇಷ್ಟೆಲ್ಲ ನೋಡಿಯೂ ಸಿಗದಿದ್ದರೆ ಬೆಳಿಗ್ಗೆ ಓಡಿಸಿಕೊಂಡು ಹೋಗಬೇಡಿ. ಹಿಂದಿನ ಸಂಜೆಯೇ ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ. "ಬೆಳಿಗ್ಗೆ ನಾನು ಬರುವವರೆಗೆ ಯಾರೂ ಸ್ಟಾರ್ಟ್ ಮಾಡಬೇಡಿ" ಎಂದು ಹೇಳಿ, ಚೀಟಿ ಬರೆದು ಸ್ಟಿಯರಿಂಗಿಗೆ ಅಂಟಿಸಿ. ಮನೆಯಲ್ಲಿ ಕಾರು ಆಫ್ ಆದಾಗ ತೆಗೆದ ಮೊಬೈಲ್ ವಿಡಿಯೊ ತೋರಿಸಿ. ಅವತ್ತು ಎಷ್ಟು ಡಿಗ್ರಿ ಇತ್ತು, ಕೂಲೆಂಟ್ ಸೆನ್ಸರ್ ಎಷ್ಟು ಹೇಳಿತು, ಎಕ್ಸಿಲೇಟರ್ ಒತ್ತಿದಾಗ ಏನಾಯಿತು, ಪ್ಲಗ್ ಯಾವ ಬಣ್ಣ, ಈ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದುಕೊಡಿ. ಯಾವುದೇ ಪಾರ್ಟ್ ಬದಲಾಯಿಸುವ ಮೊದಲು ಫೋನ್ ಮಾಡಲು ಹೇಳಿ. ಬದಲಾಯಿಸಿದರೆ ಹಳೆಯದನ್ನು ಕೇಳಿ ತೆಗೆದುಕೊಳ್ಳಿ. ನಾನು ಬದಲಾಯಿಸಿದ ಆ ಹಳೇ ಪೆಟ್ರೋಲ್ ಪಂಪ್ ಇವತ್ತಿಗೂ ನಮ್ಮ ಶೆಡ್ಡಿನಲ್ಲಿದೆ, ಬ್ಯಾಟರಿಗೆ ತಂತಿ ಕೊಟ್ಟರೆ ಚೆನ್ನಾಗಿಯೇ ತಿರುಗುತ್ತದೆ.