ಜಪಾನ್ ಆಕ್ರಮಿಸಿದ್ದ ಚೀನಾದ ನಕ್ಷೆ: ನಾನು ಅದನ್ನು ಬಿಡಿಸಿದ ಬಗೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನ್ ಚೀನಾದ ಎಷ್ಟು ನೆಲವನ್ನು ಹಿಡಿದಿತ್ತು ಎಂದು ತೋರಿಸುವ ನಕ್ಷೆಗಳಲ್ಲಿ ಸಾಮಾನ್ಯವಾಗಿ ಈಶಾನ್ಯದ ಮಂಚೂರಿಯಾದಿಂದ ದಕ್ಷಿಣದ ಹೈನಾನ್ ದ್ವೀಪದವರೆಗಿನ ಪೂರ್ವ ಭಾಗವೆಲ್ಲ ಒಂದೇ ಬಣ್ಣದಲ್ಲಿ ತುಂಬಿರುತ್ತದೆ. ಪದವಿ ತರಗತಿಗಳಿಗೆ ಪೂರ್ವ ಏಷ್ಯಾದ ಇತಿಹಾಸವನ್ನು ಪಾಠ ಮಾಡುವ ನನಗೆ ಅಂಥ ನಕ್ಷೆಯನ್ನು ಮುಂದಿಟ್ಟುಕೊಂಡು ಗೆರಿಲ್ಲಾ ಯುದ್ಧವನ್ನು ವಿವರಿಸುವುದು ಕಷ್ಟವಾಗುತ್ತಿತ್ತು. ಹೀಗೆ ತುಂಬಿದ ಬಣ್ಣದೊಳಗೆ ಕಮ್ಯುನಿಸ್ಟರು ಲಕ್ಷಗಟ್ಟಲೆ ಸೈನ್ಯವನ್ನು ಕಟ್ಟಿದ್ದು ಎಲ್ಲಿ ಎಂದು ವಿದ್ಯಾರ್ಥಿಗಳು ಕೇಳಿದರೆ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಲು ಜಾಗವೇ ಇರುತ್ತಿರಲಿಲ್ಲ. ಆದ್ದರಿಂದ ಕ್ಯೂಜಿಐಎಸ್ ತಂತ್ರಾಂಶದಲ್ಲಿ ನಾನೇ ನಕ್ಷೆ ಬಿಡಿಸಲು ಕುಳಿತೆ. ಇಂಥ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾಗಲೆಂದು ಅದರ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೀರ್ಮಾನಿಸಬೇಕಾದದ್ದು ಬಣ್ಣವನ್ನಲ್ಲ, ದಿನಾಂಕವನ್ನು. ಜಪಾನಿನ ಆಕ್ರಮಣ ಒಂದೇ ಬೀಸಿನಲ್ಲಿ ನಡೆದದ್ದಲ್ಲ. 1931ರ ಸೆಪ್ಟೆಂಬರ್ 18ರ ಮುಕ್ಡೆನ್ ಘಟನೆಯಿಂದ (ಜಪಾನಿ ಸೈನಿಕರೇ ರೈಲು ಹಳಿಯನ್ನು ಸ್ಫೋಟಿಸಿ ದಾಳಿಗೆ ನೆಪ ಮಾಡಿಕೊಂಡದ್ದು) ಮಂಚೂರಿಯಾ ಚೀನಾದ ಕೈತಪ್ಪಿತು. 1932ರ ಮಾರ್ಚ್‌ನಲ್ಲಿ ಅಲ್ಲಿ ಮಂಚುಕುವೋ ಎಂಬ ಕೈಗೊಂಬೆ ರಾಜ್ಯ ಹುಟ್ಟಿತು. 1933ರಲ್ಲಿ ರೆಹೆ ಪ್ರಾಂತ್ಯ ಹೋಯಿತು. 1937ರ ಜುಲೈ 7ರಂದು ಮಾರ್ಕೊ ಪೋಲೊ ಸೇತುವೆಯ ಬಳಿ ಆರಂಭವಾದ ಪೂರ್ಣ ಯುದ್ಧದಲ್ಲಿ ಬೀಪಿಂಗ್ (ಇಂದಿನ ಬೀಜಿಂಗ್), ಟಿಯಾಂಜಿನ್, ಶಾಂಘೈ, ನಾನ್‌ಜಿಂಗ್ ಆ ವರ್ಷವೇ ಬಿದ್ದವು; 1938ರ ಅಕ್ಟೋಬರ್‌ನಲ್ಲಿ ಗ್ವಾಂಗ್‌ಝೌ ಮತ್ತು ವುಹಾನ್ ಕೆಲವೇ ದಿನಗಳ ಅಂತರದಲ್ಲಿ ಹೋದವು. ಅಲ್ಲಿಂದ ಮುಂದೆ 1944ರವರೆಗೆ ರಣರೇಖೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. ಹೀಗಾಗಿ 1938ರ ಕೊನೆ, 1940ರ ಕೊನೆ ಮತ್ತು 1944ರ ಡಿಸೆಂಬರ್ ಎಂದು ಮೂರು ಹಾಳೆಗಳನ್ನು ಮಾಡಿಕೊಂಡೆ.

‘ಗರಿಷ್ಠ ವಿಸ್ತಾರ’ ಎಂಬ ಶೀರ್ಷಿಕೆಯ ನಕ್ಷೆಗಳನ್ನು ನಾನು ಈಗ ಅನುಮಾನದಿಂದಲೇ ನೋಡುತ್ತೇನೆ. ದಿನಾಂಕವಿಲ್ಲದ ನಕ್ಷೆ ಒಂದೇ ಹೊತ್ತಿನಲ್ಲಿ ಎಂದೂ ಇಲ್ಲದ ಸಾಮ್ರಾಜ್ಯವನ್ನು ಸುಲಭವಾಗಿ ಕಟ್ಟಿಬಿಡುತ್ತದೆ. ಪಶ್ಚಿಮ ಯುನ್ನಾನ್‌ನ ತೆಂಗ್‌ಚಾಂಗ್ ಮತ್ತು ಗ್ವಾಂಗ್‌ಶಿಯ ಗ್ವಿಲಿನ್ ಎರಡನ್ನೂ ಒಂದೇ ಬಣ್ಣದಲ್ಲಿ ತುಂಬಿದ ನಕ್ಷೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. 1942ರ ಮೇ ತಿಂಗಳಲ್ಲಿ ಬರ್ಮಾದ ಕಡೆಯಿಂದ ಬಂದ ಜಪಾನಿ ಸೈನ್ಯ ಸಾಲ್ವೀನ್ ನದಿಯ ಪಶ್ಚಿಮ ದಡದವರೆಗೆ ಹಿಡಿದು ತೆಂಗ್‌ಚಾಂಗ್‌ನಲ್ಲಿ ನೆಲೆಯೂರಿತು. ಚೀನೀ ಸೈನ್ಯ ಆ ಊರನ್ನು 1944ರ ಸೆಪ್ಟೆಂಬರ್‌ನಲ್ಲಿ ಮರಳಿ ಪಡೆಯಿತು. ಗ್ವಿಲಿನ್ ಬಿದ್ದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಎರಡೂ ಊರುಗಳು ಜಪಾನಿನ ಕೈಯಲ್ಲಿ ಒಟ್ಟಿಗೆ ಇದ್ದ ದಿನವೇ ಇಲ್ಲ.

ತಳಪದರಕ್ಕೆ ಇಂದಿನ ಪ್ರಾಂತ್ಯಗಳ ಗಡಿಗಳನ್ನು ಬಳಸುವಂತಿರಲಿಲ್ಲ, ಏಕೆಂದರೆ ಅಂದಿನ ರೆಹೆ, ಚಹಾರ್, ಸುಯಿಯುವಾನ್ ಪ್ರಾಂತ್ಯಗಳು 1950ರ ದಶಕದಲ್ಲಿ ರದ್ದಾಗಿ ಅಕ್ಕಪಕ್ಕದ ಪ್ರಾಂತ್ಯಗಳಲ್ಲಿ ಹಂಚಿಹೋಗಿವೆ. ಅಮೆರಿಕದ ಸೇನಾ ನಕ್ಷಾ ವಿಭಾಗವು 1950ರ ದಶಕದಲ್ಲಿ ಹೊರತಂದ, ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿರುವ 1:2,50,000 ಪ್ರಮಾಣದ ಹಾಳೆಗಳು ನನ್ನ ಮುಖ್ಯ ಆಧಾರವಾದವು. ಅವುಗಳಲ್ಲಿ ರೈಲು ಹಳಿಗಳು, ಕೌಂಟಿ ಕೇಂದ್ರಗಳು, ಬೆಟ್ಟದ ಸಮೋನ್ನತಿ ರೇಖೆಗಳು ಸ್ಪಷ್ಟವಾಗಿವೆ. ಸ್ಕ್ಯಾನ್ ಮಾಡಿದ ಹಾಳೆಯನ್ನು ಅಕ್ಷಾಂಶ ರೇಖಾಂಶಗಳಿಗೆ ಕೂರಿಸುವಾಗ ಕೋಟೆಗೋಡೆಯಿದ್ದ ಹಳೆಯ ಪಟ್ಟಣಗಳನ್ನೂ ರೈಲು ಜಂಕ್ಷನ್‌ಗಳನ್ನೂ ಗುರುತಿನ ಬಿಂದುಗಳಾಗಿ ಆರಿಸಿಕೊಳ್ಳುವುದು ಕ್ಷೇಮ. ನದಿಯ ತಿರುವುಗಳನ್ನು ನಂಬುವಂತಿಲ್ಲ, ಉತ್ತರ ಚೀನಾದಲ್ಲಂತೂ ಖಂಡಿತ ನಂಬುವಂತಿಲ್ಲ. ಪ್ರಕ್ಷೇಪಕ್ಕೆ, ಅಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಕ್ರಮಕ್ಕೆ, ವಿಸ್ತೀರ್ಣವನ್ನು ಹಿಗ್ಗಿಸದೆ ಕುಗ್ಗಿಸದೆ ತೋರಿಸುವ ಆಲ್ಬರ್ಸ್ ಸಮಕ್ಷೇತ್ರ ಶಂಕುವನ್ನು ತೆಗೆದುಕೊಂಡೆ. ವಿಸ್ತಾರವೇ ವಿಷಯವಾಗಿರುವಾಗ, ಉತ್ತರದ ಮಂಚೂರಿಯಾವನ್ನು ಉಬ್ಬಿಸಿ ತೋರಿಸುವ ಮರ್ಕೇಟರ್ ಪ್ರಕ್ಷೇಪ ಬಳಸಿದರೆ ನೋಡುವವರ ಕಣ್ಣಿಗೆ ಮೋಸವಾಗುತ್ತದೆ.

ನದಿಯ ವಿಷಯ ಬಂದದ್ದರಿಂದ ಹಳದಿ ನದಿಯ ಬಗ್ಗೆ ಇಲ್ಲೇ ಹೇಳಿಬಿಡಬೇಕು. 1938ರ ಜೂನ್‌ನಲ್ಲಿ ಜಪಾನಿ ಸೈನ್ಯ ಕೈಫೆಂಗ್ ಹಿಡಿದು ಝೆಂಗ್‌ಝೌ ಕಡೆಗೆ ಬರುತ್ತಿದ್ದಾಗ ಚಿಯಾಂಗ್ ಕೈ-ಶೆಕ್ ನೇತೃತ್ವದ ಚೀನೀ ಸರ್ಕಾರದ ಸೈನ್ಯ ಹುವಾಯುವಾನ್‌ಕೌ ಎಂಬಲ್ಲಿ ನದಿಯ ಏರಿಯನ್ನು ಒಡೆಯಿತು. ಲಕ್ಷಾಂತರ ಜನರು ಸತ್ತ ಆ ಪ್ರವಾಹದ ನಂತರ ನದಿ ಉತ್ತರದ ಬೋಹಾಯ್ ಸಮುದ್ರವನ್ನು ಬಿಟ್ಟು ಆಗ್ನೇಯಕ್ಕೆ ತಿರುಗಿ ಹುವಾಯ್ ನದಿಯನ್ನು ಸೇರಿತು. 1947ರಲ್ಲಿ ಏರಿಯನ್ನು ಮುಚ್ಚುವವರೆಗೂ ಹಾಗೆಯೇ ಹರಿಯಿತು. ಇಂದಿನ ಉಪಗ್ರಹ ಚಿತ್ರದ ಮೇಲೆ ಯುದ್ಧಕಾಲದ ಗಡಿ ಎಳೆಯುವವರಿಗೆ ಝೆಂಗ್‌ಝೌ ಮತ್ತು ಕೈಫೆಂಗ್ ನಡುವೆ, ಇಷ್ಟು ಹತ್ತಿರದ ಎರಡು ನಗರಗಳ ಮಧ್ಯೆ, ಗಡಿ ವರ್ಷಗಟ್ಟಲೆ ನಿಂತದ್ದೇಕೆ ಎಂಬುದು ಅರ್ಥವಾಗುವುದೇ ಇಲ್ಲ. ನಾನು ಮೂರೂ ಹಾಳೆಗಳಲ್ಲಿ ಬತ್ತಿದ ಪಾತ್ರವನ್ನು ಚುಕ್ಕೆಗೆರೆಯಿಂದಲೂ ಹೊಸ ಹರಿವಿನ ಜವುಳು ನೆಲವನ್ನು ಅಗಲವಾದ ಪಟ್ಟಿಯಿಂದಲೂ ತೋರಿಸಿದೆ. ಮೊದಲ ಎರಡು ಹಾಳೆಗಳಲ್ಲಿ ಆ ಪಟ್ಟಿಯೇ ರಣರೇಖೆ.

ಇನ್ನು ಆಕ್ರಮಿತ ಎಂದರೇನು ಎಂಬುದಕ್ಕೆ ಒಂದು ನಿಯಮ ಬೇಕಾಯಿತು. ಕಾವಲು ಪಡೆಯೂ ಆಡಳಿತವೂ ಎರಡೂ ನೆಲೆಗೊಂಡು ಕನಿಷ್ಠ ಆರು ತಿಂಗಳು ಇದ್ದ ಜಾಗವನ್ನು ಮಾತ್ರ ಆಕ್ರಮಿತ ಎಂದು ಎಣಿಸುತ್ತೇನೆ. 1944ರ ಅಭಿಯಾನದಲ್ಲಿ ಬಿದ್ದ ಜಾಗಗಳಿಗೆ ಅವಧಿಯನ್ನು ಮುಂದಿನ 1945ರವರೆಗೆ ಎಣಿಸಿ ನೋಡಿದ್ದೇನೆ. ಈ ನಿಯಮದಂತೆ 1941ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಹಿಡಿದಿಟ್ಟಿದ್ದ ಫೂಝೌ ಆ ಸುತ್ತಿಗೆ ಲೆಕ್ಕಕ್ಕೆ ಬರುವುದಿಲ್ಲ. 1943ರ ಡಿಸೆಂಬರ್‌ನಲ್ಲಿ ಹೊಕ್ಕು ಕೆಲವೇ ದಿನಗಳಲ್ಲಿ ಬಿಟ್ಟುಹೋದ ಚಾಂಗ್‌ಡೆಯೂ ಬರುವುದಿಲ್ಲ. ಆರು ತಿಂಗಳು ಎಂಬುದು ನಾನು ಹಾಕಿಕೊಂಡ ಅಳತೆ. ಬೇರೆಯವರು ಬೇರೆ ಅಳತೆ ಹಾಕಬಹುದು, ಆದರೆ ಅದನ್ನು ನಕ್ಷೆಯ ಮೇಲೆಯೇ ಬರೆಯಬೇಕು.

ಕೆಲಸದ ಹೆಚ್ಚಿನ ಸಮಯವನ್ನು ತಿಂದದ್ದು ಉತ್ತರ ಚೀನಾ. ಅಲ್ಲಿ ಜಪಾನ್ ಹಿಡಿದದ್ದು ನಗರಗಳನ್ನು ಮತ್ತು ಅವುಗಳನ್ನು ಜೋಡಿಸುವ ರೈಲು ಮಾರ್ಗಗಳನ್ನು. ಬಲೆಯ ನೂಲು ಅವರ ಕೈಯಲ್ಲಿತ್ತು, ಕಣ್ಣುಗಳಲ್ಲಿ ಬಹುಪಾಲು ಇರಲಿಲ್ಲ. ಆದ್ದರಿಂದ ಪ್ರಾಂತ್ಯಗಳಿಗೆ ಬಣ್ಣ ತುಂಬುವುದನ್ನು ಬಿಟ್ಟು, ಬೀಪಿಂಗ್–ಹಾನ್‌ಕೌ, ಟಿಯಾಂಜಿನ್–ಪುಕೌ, ಲೊಂಗ್‌ಹಾಯ್, ಝೆಂಗ್‌ತಾಯ್ ಮಾರ್ಗಗಳನ್ನು ಮೊದಲು ಗೆರೆಯಾಗಿ ಎಳೆದು, ಬಯಲಿನಲ್ಲಿ ಪ್ರತಿ ಗೆರೆಯ ಎರಡೂ ಬದಿಗೆ ಹತ್ತು ಕಿಲೋಮೀಟರ್ ಬಫರ್ (ಗೆರೆಯ ಪಕ್ಕದ ಪಟ್ಟಿ) ಕೊಟ್ಟು, ಕಾವಲು ಪಡೆಯಿದ್ದ ಪಟ್ಟಣಗಳ ಸುತ್ತ ವೃತ್ತಗಳನ್ನು ಹಾಕಿದೆ. ಬೆಟ್ಟದಲ್ಲಿ ಈ ಅಗಲ ನಿಲ್ಲುವುದಿಲ್ಲ. ಶಿಜಿಯಾಝುವಾಂಗ್‌ನಿಂದ ತಾಯ್‌ಯುವಾನ್‌ಗೆ ಹೋಗುವ ಝೆಂಗ್‌ತಾಯ್ ಮಾರ್ಗ ಜಿಂಗ್‌ಶಿಂಗ್ ಕಲ್ಲಿದ್ದಲು ಗಣಿಯನ್ನು ದಾಟಿ ನಿಯಾಂಗ್‌ಜಿಗ್ವಾನ್ ಕಣಿವೆಯಲ್ಲಿ ತೈಹಾಂಗ್ ಬೆಟ್ಟಸಾಲನ್ನು ಏರುತ್ತದೆ. ಅಲ್ಲಿ ಸಮೋನ್ನತಿ ರೇಖೆಗಳನ್ನು ನೋಡಿ ಬಫರನ್ನು ಕಣಿವೆಯ ಅಗಲಕ್ಕೆ ಕೈಯಿಂದಲೇ ಕತ್ತರಿಸಿದೆ. 1940ರ ಆಗಸ್ಟ್ 20ರ ರಾತ್ರಿ ಕಮ್ಯುನಿಸ್ಟರ ಎಂಟನೇ ಮಾರ್ಗ ಸೇನೆ ‘ನೂರು ರೆಜಿಮೆಂಟುಗಳ’ ದಾಳಿಯನ್ನು ಆರಂಭಿಸಿದಾಗ ಈ ಮಾರ್ಗವೇ ಮುಖ್ಯ ಗುರಿಯಾಗಿತ್ತು. ಹಳಿಗಳನ್ನು ಕಿತ್ತು, ಸೇತುವೆಗಳನ್ನು ಒಡೆದು, ಗಣಿಯನ್ನೂ ಕೆಡಿಸಿದರು. ಮಾರ್ಗದ ಎರಡೂ ಬದಿಯ ಬೆಟ್ಟಗಳು ದಾಳಿಕೋರರ ಕೈಯಲ್ಲಿಲ್ಲದೆ ಇಂಥ ದಾಳಿ ಸಾಧ್ಯವೇ ಇರಲಿಲ್ಲ. ಜಪಾನ್ ಆಮೇಲೆ ಮಾರ್ಗಗಳ ಉದ್ದಕ್ಕೂ ಕಂದಕ ತೋಡಿ, ಕಾವಲು ಗೋಪುರ ಕಟ್ಟಿ, ಕೊಂದು ಸುಟ್ಟು ಲೂಟಿ ಮಾಡುವ ಅಭಿಯಾನ ನಡೆಸಿದಾಗ ಈ ಬಿಳಿಯ ಕಣ್ಣುಗಳು ಚಿಕ್ಕವಾದವು, ಆದರೆ ಮುಚ್ಚಿಹೋಗಲಿಲ್ಲ.

ಇದನ್ನು ತರಗತಿಯಲ್ಲಿ ಹೇಳಲು ನನಗೆ ಸುಲಭವಾಗಿ ಸಿಗುವ ಹೆಸರು ಡಾ. ದ್ವಾರಕಾನಾಥ ಕೋಟ್ನಿಸ್ ಅವರದು. ಕನ್ನಡವೂ ಕಿವಿಗೆ ಬೀಳುವ ಸೊಲ್ಲಾಪುರದವರಾದ ಅವರು 1938ರಲ್ಲಿ ಕಾಂಗ್ರೆಸ್ ಕಳುಹಿಸಿದ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋಗಿ, ಕಮ್ಯುನಿಸ್ಟರ ಕೇಂದ್ರವಾಗಿದ್ದ ಯಾನಾನ್ ಮೂಲಕ ಜಪಾನಿನ ಕಾವಲು ರೇಖೆಗಳನ್ನು ದಾಟಿ, ಬೀಪಿಂಗ್–ಹಾನ್‌ಕೌ ಮಾರ್ಗದ ಪಶ್ಚಿಮದ ಬೆಟ್ಟಪ್ರದೇಶವನ್ನು ಸೇರಿದರು. ಅಲ್ಲಿ ಕೆನಡಾದ ವೈದ್ಯ ನಾರ್ಮನ್ ಬೆಥೂನ್ ಹೆಸರಿನ ಆಸ್ಪತ್ರೆಯನ್ನು ನಡೆಸಿ, 1942ರ ಡಿಸೆಂಬರ್ 9ರಂದು ಹೆಬೆಯ್ ಪ್ರಾಂತ್ಯದ ತಾಂಗ್ ಕೌಂಟಿಯಲ್ಲಿ ತೀರಿಕೊಂಡರು. ಒಂದೇ ಬಣ್ಣದ ನಕ್ಷೆಯಲ್ಲಿ ತಾಂಗ್ ಕೌಂಟಿ ಜಪಾನಿನ ವಶದಲ್ಲಿರುತ್ತದೆ. ನನ್ನ ಎರಡನೆಯ ಹಾಳೆಯಲ್ಲಿ ಅದರ ಬೆಟ್ಟದ ಭಾಗ ಬಿಳಿಯ ಕಣ್ಣೊಂದರೊಳಗೆ ಬೀಳುತ್ತದೆ.

ಮಂಚುಕುವೋಗೆ ಮಾತ್ರ ಗಾಢವಾದ, ಸಂಪೂರ್ಣ ಛಾಯೆಯನ್ನು ಕೊಟ್ಟೆ, ಏಕೆಂದರೆ ಅಲ್ಲಿ ಸೈನ್ಯ, ರೈಲು, ಆಡಳಿತ ಮೂರೂ ಜಪಾನಿನ ಹಿಡಿತದಲ್ಲಿದ್ದವು. ತೈವಾನ್ 1895ರಿಂದಲೇ ವಸಾಹತು, ಡಾಲಿಯನ್ ಇರುವ ಲಿಯಾವೊಡೊಂಗ್ ಪರ್ಯಾಯದ್ವೀಪದ ತುದಿ 1905ರಿಂದ ಜಪಾನಿಗೆ ಗುತ್ತಿಗೆಯ ನೆಲ; ಇವಕ್ಕೆ ಬೇರೆ ಗೆರೆಹೊದಿಕೆ ಇದೆ. ಮಕಾವ್ ಪೋರ್ಚುಗಲ್ಲಿನದಾಗಿ ಕೊನೆಯವರೆಗೂ ಖಾಲಿ. ಶಾಂಘೈಗೆ ಪ್ರತ್ಯೇಕ ಒಳನಕ್ಷೆ ಬೇಕಾಯಿತು: ನಗರ 1937ರಲ್ಲೇ ಬಿದ್ದರೂ ವಿದೇಶಿಯರ ಆಡಳಿತದಲ್ಲಿದ್ದ ಅಂತರರಾಷ್ಟ್ರೀಯ ವಸತಿಯಲ್ಲಿ ಸೂಝೌ ಕಾಲುವೆಯ ಉತ್ತರದ ಹಾಂಗ್‌ಕ್ಯೂ ಮಾತ್ರ ಜಪಾನಿನ ಹಿಡಿತದಲ್ಲಿತ್ತು, ವಸತಿಯ ಕಾಲುವೆಯ ದಕ್ಷಿಣದ ಭಾಗವನ್ನು ಅದರ ಸೈನ್ಯ ವಶಪಡಿಸಿಕೊಂಡದ್ದು 1941ರ ಡಿಸೆಂಬರ್ 8ರಂದು.

ಮೂರನೆಯ ಹಾಳೆಯನ್ನು ಬಿಡಿಸುವಾಗ ನೆಲದ ವಿಸ್ತಾರ ಮತ್ತು ಬಲ ಎರಡೂ ಒಂದೇ ದಿಕ್ಕಿನಲ್ಲಿ ಹೋಗುವುದಿಲ್ಲ ಎಂಬುದು ಕಣ್ಣಿಗೆ ಹೊಡೆಯಿತು. 1944ರ ಏಪ್ರಿಲ್‌ನಲ್ಲಿ ಆರಂಭವಾದ ಇಚಿಗೋ ಅಭಿಯಾನದಲ್ಲಿ ಸುಮಾರು ಐದು ಲಕ್ಷ ಜಪಾನಿ ಸೈನಿಕರು ಹಳದಿ ನದಿಯನ್ನು ದಾಟಿ ಲುವೊಯಾಂಗ್, ಚಾಂಗ್‌ಶಾ, 47 ದಿನ ತಡೆದು ನಿಂತ ಹೆಂಗ್‌ಯಾಂಗ್, ಗ್ವಿಲಿನ್, ಲಿಯುಝೌಗಳನ್ನು ಹಿಡಿದು, ವರ್ಷದ ಕೊನೆಗೆ ಇಂಡೋಚೀನಾದವರೆಗೆ ನೆಲಮಾರ್ಗವನ್ನು ಕೂಡಿಸಿದರು. ಈ ಹಾಳೆಯಲ್ಲಿ ಛಾಯೆ ಅತಿ ಉದ್ದವಾಗಿದೆ. ಆದರೆ ದಕ್ಷಿಣದ ಆ ತುಂಡಿನ ಆಯಸ್ಸು ಎಂಟೇ ತಿಂಗಳು, ಕೆಲವೆಡೆ ಇನ್ನೂ ಕಡಿಮೆ: 1945ರ ಮೇಯಲ್ಲಿ ನಾನ್‌ನಿಂಗ್, ಜೂನ್ ಕೊನೆಗೆ ಲಿಯುಝೌ, ಜುಲೈ ಕೊನೆಗೆ ಗ್ವಿಲಿನ್ ಚೀನಾಕ್ಕೆ ಮರಳಿದವು. ಆದ್ದರಿಂದ ಅದಕ್ಕೆ ಸಡಿಲವಾದ ಗೆರೆಹೊದಿಕೆ ಕೊಟ್ಟು, ಮರಳಿ ಪಡೆದ ತಿಂಗಳನ್ನು ಪ್ರತಿ ಊರಿನ ಪಕ್ಕದಲ್ಲಿ ಬರೆದಿದ್ದೇನೆ.

ಒಟ್ಟು ಶೇಕಡಾ ಎಷ್ಟು ಎಂದು ಕೇಳುವವರು ಇದ್ದೇ ಇರುತ್ತಾರೆ. ಟಿಬೆಟ್, ಶಿನ್‌ಜಿಯಾಂಗ್‌ಗಳನ್ನು ಸೇರಿಸಿ ಭಾಗಿಸಿದರೆ ಒಂದು ಉತ್ತರ. 1946ರವರೆಗೆ ಚೀನಾ ಬಿಟ್ಟುಕೊಡದಿದ್ದ ಹೊರ ಮಂಗೋಲಿಯಾವನ್ನೂ ಸೇರಿಸಿದರೆ ಇನ್ನೊಂದು. ಜನಸಂಖ್ಯೆಯಿಂದ ಅಳೆದರೆ ಎರಡಕ್ಕೂ ತೀರ ದೂರದ ಮೂರನೆಯದು, ಏಕೆಂದರೆ ಜಪಾನ್ ಹಿಡಿದದ್ದು ಜನ ಕಿಕ್ಕಿರಿದ ಪೂರ್ವದ ಬಯಲುಗಳನ್ನು. ಹಾಗಾಗಿ ಹಾಳೆಗಳ ಕೆಳಗೆ ಒಂಟಿ ಅಂಕಿಯನ್ನು ಮುದ್ರಿಸಿಲ್ಲ. ದಿನಾಂಕ, ಆರು ತಿಂಗಳ ನಿಯಮ, ಬಫರಿನ ಅಗಲ ಇಷ್ಟನ್ನೇ ಹಾಕಿದ್ದೇನೆ.